ಅಕ್ಕ ಉಳಿಸಿಕೊಟ್ಟ ರಜೆ

ಸರ್ಕಾರಿ ನೌಕರಿಗೆ ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದವರು ಯಾರೂ ಇರಲಿಲ್ಲ. ರಜೆಯ ನಿಯಮ ಕಲಿಸಿದವರು ಮಾತ್ರ ಒಬ್ಬರಿದ್ದರು. ಅವರು ಸೊರಬದ ನಮ್ಮ ಕಚೇರಿಯ ಹೆಡ್ ಗುಮಾಸ್ತರು. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೂ ಈಗ ಆ ಕಟ್ಟಡವಿಲ್ಲ. ಸಾಗರದ ಕಡೆಯವರಾದ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ನೋಡಿ ಮಾರಾಯ್ರೆ, ರಜೆ ಅನ್ನೋದು ಹಕ್ಕಲ್ಲ. ಸರ್ಕಾರ ಕೊಟ್ರೆ ಉಂಟು, ಕೊಡದಿದ್ರೆ ಇಲ್ಲ. ಇದೊಂದು ತಿಳ್ಕೊಂಡ್ರೆ ನೀವು ಸುಖವಾಗಿರ್ತೀರಿ.” ಸುಖವಾಗಿರುವುದು ಅಷ್ಟು ಸುಲಭವೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ.

ಹಳೆಯ ಮೈಸೂರಿಗೆ ಉತ್ತರದ ಜಿಲ್ಲೆಗಳು ಸೇರಿ ದೊಡ್ಡ ರಾಜ್ಯವಾದ ಮೇಲಿನ ವರ್ಷಗಳು ಅವು. ಹೊಸ ನಿಯಮಗಳು ಬರುತ್ತವೆ ಎನ್ನುತ್ತಿದ್ದರು, ಆಮೇಲೆ ಬಂದವು ಎನ್ನುತ್ತಿದ್ದರು. ನಮ್ಮ ಕಚೇರಿಯಲ್ಲಿ ಮಾತ್ರ ಹೆಡ್ ಗುಮಾಸ್ತರ ಬಾಯಿಂದ ಬಂದದ್ದೇ ನಿಯಮ. ನಾನು ಹಂಗಾಮಿ ನೌಕರ. ಗಳಿಕೆ ರಜೆ, ಅರ್ಧ ಸಂಬಳದ ರಜೆ ಮುಂತಾದವೆಲ್ಲ ಕಾಯಂ ಆದವರ ಪಾಲು. ನನಗಿದ್ದದ್ದು ಸಾಂದರ್ಭಿಕ ರಜೆ ಒಂದೇ, ಬಾಯಿಮಾತಿನಲ್ಲಿ ಸಿ.ಎಲ್. ವರ್ಷಕ್ಕೆ ಇಷ್ಟು ಎಂದು ಕೊಡುತ್ತಿದ್ದರು. ಬಳಸದೆ ಉಳಿದದ್ದು ಡಿಸೆಂಬರ್ ಮುಗಿಯುತ್ತಿದ್ದಂತೆ ಸತ್ತುಹೋಗುತ್ತಿತ್ತು. ಕಚೇರಿಯಲ್ಲಿ ಹಾಗೆಯೇ ಹೇಳುತ್ತಿದ್ದರು, ರಜೆ ಸತ್ತುಹೋಯಿತು ಎಂದು. ಇನ್ನೂ ಒಂದು ನಿಯಮವಿತ್ತು. ಊರು ಬಿಟ್ಟು ಹೋಗುವುದಾದರೆ, ಭಾನುವಾರವೇ ಆಗಿರಲಿ, ಕೇಂದ್ರಸ್ಥಾನ ಬಿಡುವುದಕ್ಕೆ ಅನುಮತಿ ಬೇಕು, ಎಲ್ಲಿ ಇರುತ್ತೇನೆ ಎಂದು ವಿಳಾಸ ಬರೆದುಕೊಡಬೇಕು. ಸರ್ಕಾರಕ್ಕೆ ಹಂಗಾಮಿ ಗುಮಾಸ್ತನೊಬ್ಬ ಭಾನುವಾರ ಎಲ್ಲಿದ್ದಾನೆಂಬ ಚಿಂತೆ ಯಾಕೆಂದು ನನಗೆ ಎಂದೂ ಅರ್ಥವಾಗಲಿಲ್ಲ. ನನ್ನ ವಿಳಾಸವೋ ಯಾವಾಗಲೂ ಒಂದೇ, ಶಿಕಾರಿಪುರದ ನನ್ನ ಅಕ್ಕನ ಮನೆ.

ನಮ್ಮ ಊರು ತಾಳಗುಂದದ ಹತ್ತಿರ. ನಾನು ಅಂಬೆಗಾಲಿಕ್ಕುವಾಗಲೇ ಅವ್ವ ತೀರಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು, ಉಣ್ಣಿಸಿದವಳು, ಹೊಡೆದವಳು, ಎಲ್ಲ ಅಕ್ಕನೇ. ಅವಳೂ ಆಗ ಹುಡುಗಿಯೇ. ಮದುವೆಯಾಗಿ ಶಿಕಾರಿಪುರಕ್ಕೆ ಹೋಗುವಾಗ ಪಾತ್ರೆಪಗಡಗಳ ಜೊತೆಗೆ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋದಳು. ಅಪ್ಪ ಅದಾದ ಮೇಲೆ ಬಹಳ ಕಾಲ ಇರಲಿಲ್ಲ. ಭಾವ ಕಾಳುಕಡಿ ಬೆಲ್ಲದ ವ್ಯಾಪಾರದವರು, ಮಾತು ಕಡಿಮೆ. ಹೆಂಡತಿಯ ಜೊತೆ ಬಂದ ಈ ಮರಿಯನ್ನು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ, ಶಾಲೆಗೆ ಸೇರಿಸಿದರು. ಅಕ್ಕನಿಗೆ ಮಕ್ಕಳಾಗಲಿಲ್ಲ. ಓರಗಿತ್ತಿಯರು ತವರಿನ ಮಾತು ತೆಗೆದಾಗ ಅವಳು ನನ್ನ ಕಡೆ ಬೆರಳು ತೋರಿಸಿ, “ನನ್ ತವರು ಅಲ್ಲಿ ಪಾಟಿ ಹಿಡ್ಕಂಡ್ ಕುಂತೈತಿ ನೋಡ್ರಿ” ಎನ್ನುತ್ತಿದ್ದಳು.

ನೌಕರಿ ಸಿಕ್ಕಿ ಆ ತವರು ಸೊರಬಕ್ಕೆ ಬಂದು ಬಿತ್ತು. ಒಂದು ಅಂಗಡಿಯ ಹಿಂದಿನ ಕೋಣೆ, ಒಂದು ಟ್ರಂಕು, ಒಂದು ಇದ್ದಿಲ ಒಲೆ. ಕಚೇರಿ ಮುಗಿದ ಮೇಲೆ ಮರುದಿನ ಕಚೇರಿ ತೆರೆಯುವವರೆಗೆ ನನ್ನ ಜೊತೆ ಮಾತನಾಡುವ ಜೀವ ಇರಲಿಲ್ಲ. ನಾನು ಮೊದಲಿನಿಂದಲೂ ಸ್ವಲ್ಪ ಸಿಡುಕ, ನಾಲ್ಕು ಜನರ ನಡುವೆ ಹೋಗಿ ಕೂತು ನಗುವವನಲ್ಲ. ಸೊರಬದವರು ಒಳ್ಳೆಯ ಜನ. “ಊಟ ಆಯ್ತಾ?” ಎಂದು ಕೇಳುತ್ತಿದ್ದರು, ಆಯ್ತು ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಅಕ್ಕ ಬೇಕಾಗಿತ್ತು. ಮೀಸೆ ಬಂದ ಗಂಡಸು ಹೀಗೆ ಹೇಳಬಾರದೆಂದು ಆಗ ನಾಚಿಕೆಯಿತ್ತು, ಈಗ ಇಲ್ಲ.

ಶಿಕಾರಿಪುರ ದೂರವೇನಲ್ಲ, ಆದರೆ ಬಸ್ಸು ನನ್ನ ವೈರಿಯಂತೆ ಓಡಾಡುತ್ತಿತ್ತು. ಬೆಳಿಗ್ಗೆ ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪದ ಮೇಲೆ ನಮ್ಮಲ್ಲಿಗೆ ಬರುವಾಗ ಕಚೇರಿ ತೆರೆದು ಬಹಳ ಹೊತ್ತಾಗಿರುತ್ತಿತ್ತು. ಮಧ್ಯಾಹ್ನ ಹಿಂತಿರುಗಿ ಹೊರಡುವಾಗ ಕಚೇರಿ ಇನ್ನೂ ಮುಚ್ಚಿರುತ್ತಿರಲಿಲ್ಲ. ಶನಿವಾರ ಹೊರಟರೂ ರಜೆ ಹೋಗುತ್ತಿತ್ತು, ಭಾನುವಾರ ಹೊರಟು ಸೋಮವಾರ ಬಂದರೂ ರಜೆ ಹೋಗುತ್ತಿತ್ತು. ಒಂದು ರಾತ್ರಿ ಅಕ್ಕನ ಕೈಯ ಊಟ ಮಾಡಬೇಕೆಂದರೆ ಒಂದು ಸಿ.ಎಲ್. ಕಳೆದುಕೊಳ್ಳಬೇಕು. ಹಬ್ಬಕ್ಕೆ ಹೋಗೋಣವೆಂದರೆ, ಕಚೇರಿಯಲ್ಲಿ ಮದುವೆಯಾಗದವನು ನಾನೊಬ್ಬನೇ. ಗೌರಿಹಬ್ಬವೋ ದಸರೆಯೋ, ತುರ್ತು ಟಪಾಲು ಬಂದರೆ ನೋಡಿಕೊಳ್ಳಲು ಒಬ್ಬರಿರಬೇಕಲ್ಲ, “ಅವರಿಗೇನು, ಒಂಟಿ ಆಳು” ಎಂದು ನನ್ನನ್ನೇ ಬಿಡುತ್ತಿದ್ದರು. ಆದರೂ ಮನಸ್ಸು ತಡೆಯದಿದ್ದಾಗ ಹೋಗುತ್ತಿದ್ದೆ. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳುವ ಮಾತು ಒಂದೇ: “ಮತ್ತ ರಜಾ ಹಾಳ್ ಮಾಡ್ಕಂಡ್ ಬಂದ್ಯಾ?” ಹೇಳುತ್ತಲೇ ಒಳಗೆ ಹೋಗಿ ತಟ್ಟೆ ಇಡುತ್ತಿದ್ದಳು.

ಕಚೇರಿಯ ಕಥೆಗಳೆಂದರೆ ಅವಳಿಗೆ ಇಷ್ಟ. ಒಮ್ಮೆ ನನ್ನ ಪಕ್ಕದ ಮೇಜಿನ ಗುಮಾಸ್ತರ ಕಥೆ ಹೇಳಿದೆ. ಅವರು ಕುಪ್ಪಗಡ್ಡೆಯ ಕಡೆಯವರು, ದಾಯಾದಿಗಳು ಎಷ್ಟು ಊರುಗಳಲ್ಲಿ ಹರಡಿದ್ದಾರೆಂದು ಅವರಿಗೇ ತಿಳಿಯದು. ಒಂದು ದಿನ ಅಂಚೆಯಲ್ಲಿ ಕಾಗದ ಬಂತು. ಓದುತ್ತಿದ್ದಂತೆ ಎದ್ದರು. ಮೇಜಿಗೂ ಕುರ್ಚಿಗೂ ನಮಗೂ ತಾಗದಂತೆ ಮೈ ಹಿಡಿ ಮಾಡಿಕೊಂಡು ಜಗಲಿಗೆ ಸರಿದು ನಿಂತು, ಅಲ್ಲಿಂದಲೇ “ನನ್ನ ಕೊಡೆ ಒಂದು ಹೊರಗಿಡಿ” ಎಂದರು. ಅವರು ಕಂಡೇ ಇಲ್ಲದ ಯಾರೋ ದೊಡ್ಡಪ್ಪ ಎಲ್ಲೋ ತೀರಿಕೊಂಡಿದ್ದರು, ಸೂತಕ ಬಂದಿತ್ತು. ಜವಾನ ಕೊಡೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿದ, ಅವರು ಎತ್ತಿಕೊಂಡು ನಡೆದರು. ಹೆಡ್ ಗುಮಾಸ್ತರು ಚಕಾರ ಎತ್ತಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಜಾಗ ಖಾಲಿ ಉಳಿಯಿತು, ಸೂತಕ ಕಳೆದು ಅವರು ಮೈಕೈ ತುಂಬಿಕೊಂಡು ಬಂದ ಮೇಲೆ ಅದು ಹೇಗೋ ಸರಿಹೋಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೂ ಕೈ ಹೊಟ್ಟೆಯ ಮೇಲೆಯೇ ಇತ್ತು. ಆಗಲೇ ಅಲ್ಲಿ ನೋವು ಶುರುವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಭಾವ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಹೊಟ್ಟೆಯಲ್ಲಿ ಗಡ್ಡೆ, ಬೆಳೆದುಬಿಟ್ಟಿದೆ, ಮನೆಯಲ್ಲಿಟ್ಟುಕೊಂಡು ಬೇಕಾದ್ದು ತಿನ್ನಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಈ ಸುದ್ದಿ ನನಗೆ ತಲುಪಿಸಿದವನು ಬಸ್ಸಿನ ಕಂಡಕ್ಟರ್. ಅಕ್ಕ ರೊಟ್ಟಿಯ ಬುತ್ತಿ ಕಳಿಸುತ್ತಿದ್ದುದು, ಮಾತು ಕಳಿಸುತ್ತಿದ್ದುದು ಎಲ್ಲ ಅವನ ಕೈಯಲ್ಲೇ. ಬಸ್ಸು ನಿಂತ ಮೇಲೆ ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು ನಮ್ಮ ಜಗಲಿಗೆ ಬಂದು ಬುತ್ತಿ ಕೊಟ್ಟು, ಅವಳು ಹೇಳಿದ್ದನ್ನು ಅವಳ ಧಾಟಿಯಲ್ಲೇ ಒಪ್ಪಿಸಿ ಹೋಗುತ್ತಿದ್ದ. ಆ ದಿನ ಮಾತ್ರ ಧಾಟಿ ಬದಲಿಸಿ, ನೆಲ ನೋಡುತ್ತ ಹೇಳಿದ.

ನಾನು ಹೆಡ್ ಗುಮಾಸ್ತರ ಎದುರಿಗೆ ಹೋಗಿ ನಿಂತೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನನಗೆ ಯಾವ ರಜೆ ಸಿಗುತ್ತದೆ ಎಂದು ಕೇಳಿದೆ. ಅವರು ನನ್ನನ್ನು ಕೂರಿಸಿದರು, ಬೀರುವಿನಿಂದ ಪುಸ್ತಕ ತೆಗೆಸಿದರು, ನಿಧಾನವಾಗಿ ಹಾಳೆ ತಿರುವಿದರು. ಅವರಿಗೆ ನನ್ನ ಮೇಲೆ ಕರುಣೆ ಇತ್ತು, ಸುಳ್ಳು ಹೇಳಬಾರದು.

“ಹೆಂಗಸರಿಗೆ ಹೆರಿಗೆಗೆ ಉಂಟು. ಕಾಯಿಲೆಗೆ ಉಂಟು, ಡಾಕ್ಟರ ಚೀಟಿ ಬೇಕು. ಮನೆಯಲ್ಲಿ ಸಿಡುಬು ಬಿದ್ರೆ ಉಂಟು. ಹುಚ್ಚುನಾಯಿ ಕಚ್ಚಿದ್ರೂ ಉಂಟು ಮಾರಾಯ್ರೆ. ಸಾವಿಗೆ ಅಂತ ಎಂತದೂ ಇಲ್ಲ.”

“ಮತ್ತೆ ಅವರು ಹೋದರಲ್ಲ ಸಾರ್, ಅಷ್ಟೂ ದಿನ?” ಎಂದು ಪಕ್ಕದ ಮೇಜಿನ ಕಡೆ ನೋಡಿದೆ.

“ಅದು ರಜೆ ಅಲ್ಲ, ಮೈಲಿಗೆ. ಅವರು ಬಂದು ಇಲ್ಲಿ ಕೂತ್ರೆ ನಾವು ಕೂರೋದಿಲ್ಲ, ಕಚೇರಿ ನಡೆಯೋದಿಲ್ಲ. ಹಾಗಾಗಿ ಬರಬೇಡಿ ಅಂತೇವೆ. ನಿಮ್ಮಲ್ಲಿ ಆ ತೊಂದರೆ ಇಲ್ಲವಲ್ಲ. ನೀವು ಮಣ್ಣು ಮಾಡಿದ ಮರುದಿನವೇ ಬಂದು ಕೂರಬಹುದು. ಒಂದು ಲೆಕ್ಕದಲ್ಲಿ ಪುಣ್ಯವಂತರು ನೀವು.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮದು ಲಿಂಗ ಕಟ್ಟುವ ಮನೆತನ. ಸಾವಿನ ಸೂತಕ, ಹೆರಿಗೆಯ ಪುರುಡು ಎರಡೂ ನಮ್ಮಲ್ಲಿಲ್ಲ. ತೀರಿಕೊಂಡವರನ್ನು ಕೂರಿಸಿದ ಹಾಗೆಯೇ ಮಣ್ಣು ಮಾಡಿ ಬಂದು, ಮಿಂದು, ಅಯ್ಯನವರ ಪಾದೋದಕ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಅದು ಒಳ್ಳೆಯ ಪದ್ಧತಿ ಎಂದು ಆಗ ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ. ಆದರೆ ಆ ಪದ್ಧತಿಗೆ ಸೊರಬದ ಕಚೇರಿಯಲ್ಲಿ ಇಂಥ ಅರ್ಥವಿದೆಯೆಂದು ಗೊತ್ತಿರಲಿಲ್ಲ. ನನ್ನ ಬಳಿ ಉಳಿದಿದ್ದ ಸಿ.ಎಲ್. ಬಿಟ್ಟರೆ ಅಕ್ಕನ ಸಾವಿಗೆ ನನಗೆ ಬೇರೆ ದಿನಗಳೇ ಇಲ್ಲ.

ನಾಗರ ಪಂಚಮಿಗೆ ಶಿಕಾರಿಪುರಕ್ಕೆ ಹೋದೆ. ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಬರುವುದು ನಮ್ಮ ಕಡೆಯ ರೂಢಿ. ನಾನು ಎಲ್ಲಿಗೆ ಕರೆದುಕೊಂಡು ಬರಲಿ, ಅಂಗಡಿಯ ಹಿಂದಿನ ಕೋಣೆಗೇ? ಅಕ್ಕ ನಡುಮನೆಯಲ್ಲಿ ಹಾಸಿಗೆಯ ಮೇಲೆ ಒರಗಿಕೊಂಡಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. “ಮತ್ತ ರಜಾ ಹಾಳ್ ಮಾಡ್ಕಂಡ್ ಬಂದ್ಯಾ?” ಎಂದಳು, ದನಿ ಸಣ್ಣದಾಗಿತ್ತು. ನಾನು ಹೆಡ್ ಗುಮಾಸ್ತರು ಹೇಳಿದ್ದನ್ನು ಹೇಳಬಾರದೆಂದುಕೊಂಡಿದ್ದೆ. ಅವಳ ಮುಂದೆ ನಾನು ಯಾವತ್ತೂ ಏನನ್ನೂ ಬಚ್ಚಿಟ್ಟವನಲ್ಲ, ಹುಚ್ಚುನಾಯಿಯ ಸಮೇತ ಎಲ್ಲ ಹೇಳಿಬಿಟ್ಟೆ. ಅವಳು ನಗಲು ಹೋಗಿ, ನೋವಾಗಿ, ನಿಲ್ಲಿಸಿದಳು. ಆಮೇಲೆ ಹೇಳಿದಳು:

“ತಮ್ಮಾ, ಇನ್ನ ಬರಬ್ಯಾಡ. ಇದ್ದಾಗ ಬಂದು ಏನ್ ಮಾಡ್ತಿ, ಮಾರಿ ನೋಡ್ಕಂತ ಕುಂದರ್ತಿ. ನಾ ಹೋದಾಗ ತವರಿನ ಸೀರಿ ಬರಬೇಕು. ತರೋರು ಬ್ಯಾರೆ ಯಾರದಾರ? ಆವತ್ತ ನಿಮ್ ಸಾಯೇಬ್ರು ರಜಾ ಇಲ್ಲ ಅಂದ್ರ, ಇವ್ರು ಯಾರೂ ನನ್ನ ಎತ್ತಂಗಿಲ್ಲ. ಹಂಗಾ ಕುಂದರಬೇಕಾಕ್ಕೇತಿ ನಾನು.”

ಮುತ್ತೈದೆ ತೀರಿಕೊಂಡರೆ ತವರುಮನೆಯವರು ಸೀರೆ ತಂದು ಉಡಿಸಿ, ಉಡಿ ತುಂಬಿದ ಮೇಲೆಯೇ ಹೆಣ ಎತ್ತುವುದು. ತವರಿನ ಸೀರೆ ಬರದೆ ಹೋದವಳನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಅಕ್ಕನಿಗೆ ಸಾವಿನ ಭಯ ಇತ್ತೋ ಇಲ್ಲವೋ, ಅದನ್ನು ಅವಳು ನನಗೆ ಹೇಳಲಿಲ್ಲ. ದಿಕ್ಕಿಲ್ಲದವಳು ಅನ್ನಿಸಿಕೊಂಡು ಹೋಗುವ ಭಯ ಮಾತ್ರ ಮುಖದಲ್ಲಿ ಕಾಣುತ್ತಿತ್ತು. “ಹಸರು ಇರಲಿ. ಅಂಚು ಕೆಂಪು. ಭಾಳ ತುಟ್ಟೀದು ಬ್ಯಾಡ, ಮಣ್ಣಾಗ ಹೋಗೂದು” ಎಂದಳು. ಬರುತ್ತೇನೆ ಎಂದು ನಾನು ಮಾತು ಕೊಟ್ಟೆ. ರಜೆ ಉಳಿಸಿಕೊಳ್ಳುತ್ತೇನೆ ಎಂದೂ ಮಾತು ಕೊಟ್ಟೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ, ತಿರುಗಿ ನೋಡಬೇಡ ಎಂದು ಅವಳು ಹಾಸಿಗೆಯಿಂದಲೇ ಹೇಳಿದ್ದರಿಂದ ನೋಡಲಿಲ್ಲ.

ಆಮೇಲೆ ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ಜಿಪುಣ ಕಾಸು ಕೂಡಿಡುವ ಹಾಗೆ ನಾನು ರಜೆ ಕೂಡಿಟ್ಟೆ. ಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡು ಹೋಗಿ ಮೇಜಿಗೆ ಕೂತೆ. ಒಂದು ಭಾನುವಾರ ಊರು ಬಿಡಲು ಅನುಮತಿ ಕೇಳಿಕೊಂಡು ಆನವಟ್ಟಿಗೆ ಹೋಗಿ ಸೀರೆ ತಂದೆ. ಅಂಗಡಿಯವನು ಸೀರೆ ಬಿಡಿಸಿ ಹಾಕುತ್ತ, “ಹೆಂಡ್ತಿಗೇನ್ರಿ?” ಎಂದು ಕೇಳಿದ. “ಅಕ್ಕನಿಗೆ” ಎಂದೆ. “ಹಬ್ಬಕ್ಕಾ? ಒಳ್ಳೇ ಹಸಿರು ಕೊಡ್ತೀನಿ, ಉಟ್ಕೊಂಡು ನಿಮ್ಮನ್ನ ನೆನೀಬೇಕು” ಎಂದು ಹುಡುಕಿ ತೆಗೆದು ಕೊಟ್ಟ. ಅದನ್ನು ಟ್ರಂಕಿನ ತಳದಲ್ಲಿಟ್ಟೆ. ಇರುವ ಒಂದೇ ಟ್ರಂಕು, ದಿನವೂ ಅಂಗಿ ತೆಗೆಯುವಾಗ ಕೈಗೆ ತಾಗುತ್ತಿತ್ತು. ದಸರೆಗೆ ಮತ್ತೆ ನನ್ನನ್ನೇ ಟಪಾಲಿಗೆ ಬಿಟ್ಟರು. ಖಾಲಿ ಕಚೇರಿಯಲ್ಲಿ ಕೂತು ಬಸ್ಸಿನ ಸದ್ದು ಕೇಳಿದೆ. ಒಮ್ಮೆ ತಡೆಯಲಾರದೆ ರಜೆ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಆವತ್ತೇ ಕಂಡಕ್ಟರ್ ಬಂದು, “ನಿಮ್ಮಕ್ಕಾರು ಹೇಳ್ಯಾರ್ರಿ, ಇನ್ನೂ ಗಟ್ಟಿ ಅದೀನಿ, ಬರಬ್ಯಾಡ ಅಂತ” ಎಂದ. ಅರ್ಜಿ ಹರಿದು ಹಾಕಿದೆ. ಬುತ್ತಿ ಬರುವುದು ಅಷ್ಟು ಹೊತ್ತಿಗಾಗಲೇ ನಿಂತಿತ್ತು.

ದೀಪಾವಳಿಯ ಹಿಂದಿನ ಶನಿವಾರ ಕಂಡಕ್ಟರ್ ಕಚೇರಿಗೆ ಬಂದ. ಜಗಲಿಯಲ್ಲಿ ನಿಲ್ಲದೆ ನೇರ ನನ್ನ ಮೇಜಿನ ತನಕ ಬಂದ. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ನಸುಕಿನಲ್ಲಿ ಹೋದರಂತೆ. ಹೆಡ್ ಗುಮಾಸ್ತರು ಎದ್ದು ನಿಂತು, “ಹೊರಡಿ ನೀವು, ಇವತ್ತಿನದು ನಾನು ನೋಡ್ಕೊಳ್ತೇನೆ. ನಾಳೆ ಭಾನುವಾರ, ಆಮೇಲೆ ಹಬ್ಬದ ರಜೆ ಉಂಟಲ್ಲ” ಎಂದರು. ಕೋಣೆಗೆ ಹೋಗಿ ಟ್ರಂಕಿನಿಂದ ಸೀರೆ ತೆಗೆದುಕೊಂಡು, ಮಧ್ಯಾಹ್ನದ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟು ಕೊಡಲು ನನ್ನ ಸೀಟಿನ ಹತ್ತಿರ ಬರಲೇ ಇಲ್ಲ.

ಸಂಜೆ ಮನೆ ಮುಟ್ಟಿದಾಗ ಅಕ್ಕನನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಒಳಗೆ ಕಾಲಿಡುತ್ತಿದ್ದಂತೆ ಅವಳ ಓರಗಿತ್ತಿ ಕೇಳಿದರು, “ಸೀರಿ ತಂದೀಯೇನಪ್ಪಾ?” ತಂದಿದ್ದೇನೆ ಎಂದು ಕೈಗೆ ಕೊಟ್ಟೆ. ಕೂತಿದ್ದ ಹೆಂಗಸರೆಲ್ಲ ಅಂಚು ಮುಟ್ಟಿ ನೋಡಿದರು. “ತವರು ಬಂತು ನೋಡವ್ವಾ” ಎಂದು ಒಬ್ಬ ಮುದುಕಿ ಅಕ್ಕನ ಕಿವಿಯ ಹತ್ತಿರ ಬಾಗಿ ಹೇಳಿದಳು. ಆಗ ಅತ್ತುಬಿಟ್ಟೆ. ಭಾನುವಾರ ಮಣ್ಣಾಯಿತು, ಹಸಿರು ಸೀರೆಯಲ್ಲಿ ಕೂತು ಹೋದಳು. ಮೂರನೆಯ ದಿನಕ್ಕೆ ಆರಾಧನೆಯೂ ಆಯಿತು. ಊರೆಲ್ಲ ಹಬ್ಬದ ದೀಪ ಹಚ್ಚುತ್ತಿತ್ತು. ನಾವು ಉಂಡ ಎಲೆಗಳನ್ನು ಹಿತ್ತಲಿಗೆ ಹಾಕಿ ಬಂದು ಜಗಲಿಯ ಮೇಲೆ ಕೂತೆವು.

ಭಾವ ಆವತ್ತು ಮೊದಲ ಸಲ ನನ್ನ ಹತ್ತಿರ ಬಂದು ಕೂತರು. “ಎಷ್ಟ್ ದಿನ ರಜಾ ಹಾಕೀಯಪ್ಪ?” ಎಂದು ಕೇಳಿದರು.

“ಹಾಕಬೇಕಾಗಿ ಬರಲಿಲ್ಲ ಭಾವ. ಎಲ್ಲ ಹಬ್ಬದ ರಜೆಯಲ್ಲೇ ಆಗಿಹೋಯಿತು. ಉಳಿಸಿದ್ದೆಲ್ಲ ಹಾಗೇ ಇದೆ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ನಿನಗ ಬರಬ್ಯಾಡ ಅಂತ ಹೇಳಿ ಕಳಸೂದು. ಇಲ್ಲಿ ಸಂಜೀಕ ಬಸ್ಸು ಬರೋ ಹೊತ್ತಾತಂದ್ರ ಹಾಸಿಗಿ ಬಾಗಲ ಕಡೆ ತಿರುವಸ್ಕಂತಿದ್ಲು. ದಿನಾ. ನಾನಾ ತಿರುವಿ ಹಾಕ್ತಿದ್ದೆ. ಬಸ್ಸು ಹೋದ ಸಪ್ಪಳ ಕೇಳಿದ ಮ್ಯಾಗ, ‘ಬರಲಿಲ್ಲ, ಚಲೋ ಆತು, ರಜಾ ಉಳೀತು’ ಅಂತಿದ್ಲು.”

ಇದನ್ನು ಅವರು ನನಗೆ ಹೇಳಬಾರದಿತ್ತು ಎಂದು ಬಹಳ ವರ್ಷ ಅವರ ಮೇಲೆ ಕೋಪವಿತ್ತು. ಹೇಳದಿದ್ದರೆ ಅವರೊಬ್ಬರೇ ಅದನ್ನು ಹೊತ್ತು ತಿರುಗಬೇಕಿತ್ತಲ್ಲ ಎಂದು ಈಗ ಅನ್ನಿಸುತ್ತದೆ.

ಗುರುವಾರ ಕಚೇರಿಗೆ ಹೋದೆ. ತಲೆ ಬೋಳಾಗಿರಲಿಲ್ಲ, ಹಣೆಯ ವಿಭೂತಿ ಎಂದಿನಂತೆಯೇ ಇತ್ತು, ನನ್ನನ್ನು ನೋಡಿದರೆ ಏನಾಗಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಹೆಡ್ ಗುಮಾಸ್ತರು, “ನೋಡಿ, ನಿಮಗೆ ಒಂದು ದಿನವೂ ಖರ್ಚಾಗಲಿಲ್ಲ” ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಪಕ್ಕದ ಮೇಜಿನವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಹಬ್ಬದ ಎಣ್ಣೆಸ್ನಾನದ ಸಂಗತಿ ಹೇಳಿದರು, ಕಡತ ದಾಟಿಸುವಾಗ ಅವರ ಕೈ ನನ್ನ ಕೈಗೆ ತಾಗಿತು. ಆವತ್ತು ಯಾರಾದರೂ ನನ್ನಿಂದ ಒಂದು ಮಾರು ದೂರ ಸರಿದು ಕೂತಿದ್ದರೆ ನನಗೆ ಸಂತೋಷವಾಗುತ್ತಿತ್ತು. ಇವನ ಮನೆಯಲ್ಲಿ ಸಾವಾಗಿದೆ ಎಂದು ಅಷ್ಟರಮಟ್ಟಿಗಾದರೂ ಒಪ್ಪಿಕೊಂಡಂತಾಗುತ್ತಿತ್ತು. ಯಾರೂ ಸರಿಯಲಿಲ್ಲ. ನಾನು ಹಳೆಯ ಟಪಾಲು ತೆಗೆದು ನಕಲು ಮಾಡಲು ಕೂತೆ.

ಡಿಸೆಂಬರ್ ಕೊನೆಗೆ ಹೆಡ್ ಗುಮಾಸ್ತರು ಕರೆದರು. “ನಿಮ್ಮ ಸಿ.ಎಲ್. ರಾಶಿ ಬಿದ್ದಿದೆ ಮಾರಾಯ್ರೆ. ವರ್ಷ ತಿರುಗಿದ್ರೆ ಸತ್ತುಹೋಗ್ತದೆ. ಕ್ರಿಸ್‌ಮಸ್ ರಜೆಗೆ ಸೇರಿಸಿ ಕೊಡ್ತೇನೆ, ಹೋಗಿ ಸ್ವಲ್ಪ ಸುಧಾರಿಸ್ಕೊಳ್ಳಿ” ಎಂದರು. ರಜೆ ಹಕ್ಕಲ್ಲ ಎನ್ನುವ ಮನುಷ್ಯ ತಾನಾಗಿ ಕರೆದು ರಜೆ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೇಡ ಎನ್ನಲು ಮನಸ್ಸಾಗಲಿಲ್ಲ. ಅಕ್ಕ ಬಾಗಿಲ ಕಡೆ ನೋಡುತ್ತ ಉಳಿಸಿದ ದಿನಗಳು ಸುಮ್ಮನೆ ಸಾಯುವುದು ನನಗೂ ಬೇಕಿರಲಿಲ್ಲ. ಅರ್ಜಿ ಬರೆದೆ. ಕಾರಣ ಎಂಬಲ್ಲಿ ಸ್ವಂತ ಕೆಲಸ ಎಂದು ಬರೆದೆ. ರಜೆಯ ಕಾಲದ ವಿಳಾಸ ಎಂಬಲ್ಲಿ ಕೈ ತಾನಾಗಿ ಶಿಕಾರಿಪುರದ ಅಕ್ಕನ ಮನೆ ಎಂದು ಬರೆದಿತ್ತು. ನೋಡಿಕೊಂಡೆ. ಬೇರೆ ಬರೆಯಲು ನನಗೆ ವಿಳಾಸ ಇರಲಿಲ್ಲ, ಹಾಗೆಯೇ ಕೊಟ್ಟೆ. ಹೆಡ್ ಗುಮಾಸ್ತರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿ ರುಜು ಹಾಕಿದರು.

ಮಧ್ಯಾಹ್ನ ಕೈಚೀಲ ಹಿಡಿದುಕೊಂಡು ಬಸ್ಸಿನ ಹತ್ತಿರ ಹೋದೆ. “ಹತ್ರಿ, ಹತ್ರಿ” ಎಂದ ಕಂಡಕ್ಟರ್ ನನ್ನ ಕೈಚೀಲ ನೋಡಿದ. ಕೆಳಗಿಳಿದು ಬಂದು ಮೆಲ್ಲಗೆ ಹೇಳಿದ: “ಮನಿಗೆ ಬೀಗ ಹಾಕೇತ್ರಿ. ನಿಮ್ಮ ಭಾವಾರು ಅವರಣ್ಣನ ಮನಿಯಾಗ ಉಣ್ತಾರ, ಅಂಗಡಿಯಾಗ ಮಲಗ್ತಾರ. ನೀವು ಯಾರ ಮನಿಗೆ ಹೊಂಟೀರಿ?” ಡ್ರೈವರ್ ಹಾರನ್ ಒತ್ತಿದ. ಕಂಡಕ್ಟರ್ ಇನ್ನೂ ಸ್ವಲ್ಪ ಹೊತ್ತು ನನಗಾಗಿ ಬಾಗಿಲು ಹಿಡಿದುಕೊಂಡಿದ್ದು, ಆಮೇಲೆ ಹತ್ತಿಕೊಂಡ. ಬಸ್ಸು ಹೋಯಿತು.

ಈಗ ನನ್ನ ಪಾಡು ವಿಚಿತ್ರವಾಯಿತು. ಕಾಗದದ ಮೇಲೆ ನಾನು ಸೊರಬದಲ್ಲಿ ಇಲ್ಲ. ಕಚೇರಿಯವರ ಕಣ್ಣಿಗೆ ಬಿದ್ದರೆ ಹೋಗಲಿಲ್ಲವೇ, ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ಹಿಂದಿನ ಓಣಿಯಿಂದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಒಲೆ ಹಚ್ಚಿದರೆ ಹೊಗೆ ಕಾಣುತ್ತದೆಂದು ಹಚ್ಚಲಿಲ್ಲ. ಅವಲಕ್ಕಿ ನೆನೆಸಿ ಬೆಲ್ಲ ಹಾಕಿಕೊಂಡು ತಿಂದೆ. ಹಗಲು ಹೊರಗೆ ಬರಲಿಲ್ಲ, ಯಾರ ಜೊತೆಯೂ ಮಾತಾಡಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಬಸ್ಸು ಹೋಗುವುದನ್ನು ಒಳಗಿನಿಂದಲೇ ಕೇಳುತ್ತಿದ್ದೆ. ಅದು ಶಿಕಾರಿಪುರ ಸೇರುವ ಹೊತ್ತಿಗೆ ಚಾಪೆಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಮಲಗುತ್ತಿದ್ದೆ. ಅತ್ತೆ ಎಂದು ಬರೆದರೆ ಸಾಲದು, ಮಣ್ಣಿನ ದಿನ ಅಳಲಾಗದ್ದನ್ನೆಲ್ಲ ಅತ್ತೆ. ಮೂರೋ ನಾಲ್ಕೋ ದಿನ ಕಳೆದ ಮೇಲೆ, ಪಕ್ಕದ ಮೇಜಿನವರು ಸೂತಕದಲ್ಲಿ ಮನೆಯಲ್ಲಿ ಕೂತು ಮಾಡುವುದನ್ನೇ ನಾನೂ ಮಾಡುತ್ತಿದ್ದೇನೆಂದು ಹೊಳೆಯಿತು. ಅಕ್ಕನಿಗೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹೊಸ ವರ್ಷದ ಮೊದಲ ದಿನ ಕಚೇರಿಗೆ ಹೋಗಿ ರುಜು ಹಾಕಿದೆ. ಹೆಡ್ ಗುಮಾಸ್ತರು ಹೊಸ ಹಾಜರಿ ಪುಸ್ತಕದಿಂದ ತಲೆಯೆತ್ತಿ, “ಹೋಗಿ ಬಂದ್ರಾ?” ಎಂದರು.

“ಬಂದೆ ಸಾರ್” ಎಂದೆ.

ಮುಂದೆ ನಾನು ಕಾಯಂ ಆದೆ, ಎಲ್ಲ ಬಗೆಯ ರಜೆಗಳೂ ಬಂದವು, ಬೇರೆ ವಿಳಾಸಗಳೂ ಬಂದವು. ಸಾಂದರ್ಭಿಕ ರಜೆಯನ್ನು ಯಾರೂ ಸೇವಾ ಪುಸ್ತಕದಲ್ಲಿ ಬರೆಯುವುದಿಲ್ಲ, ಅದರ ಅರ್ಜಿಗಳನ್ನು ಕೆಲವು ವರ್ಷ ಕಟ್ಟಿಟ್ಟು ಆಮೇಲೆ ಸುಡುತ್ತಾರೆ. ನನ್ನದನ್ನೂ ಸುಟ್ಟಿರುತ್ತಾರೆ. ಆ ಕಾಗದ ಇದ್ದಷ್ಟು ಕಾಲ, ಸರ್ಕಾರದ ಪ್ರಕಾರ, ವರ್ಷದ ಕೊನೆಯ ಅಷ್ಟೂ ದಿನ ನಾನು ಶಿಕಾರಿಪುರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಮತ್ತೆ ರಜೆ ಹಾಳು ಮಾಡಿಕೊಂಡು ಬಂದೆಯಾ ಎಂದು ಬಾಗಿಲಲ್ಲಿ ನಿಂತು ಕೇಳುವವಳು ಮಾತ್ರ ಅಲ್ಲಿರಲಿಲ್ಲ.